ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲ ಗೇಮಿಂಗ್ ಪಿಸಿ: ಯಾವ ಭಾಗ ತಗೊಳ್ಳೋದು, ಯಾವುದು ಬಿಡೋದು

ಗೇಮಿಂಗ್ ಪಿಸಿ ಬೇಕು ಅಂದ ಕೂಡಲೇ ಅಂಗಡಿಯಲ್ಲಿ ಮಾತು ಪ್ರೊಸೆಸರ್‌ನಿಂದ ಶುರುವಾಗುತ್ತದೆ. "ಐ5 ಹಾಕೂಣೋ, ಐ7 ಹಾಕೂಣೋ?" ಅಂತ ಕೇಳುತ್ತಾರೆ. ಆಟಕ್ಕೆ ಅಂತ ಕಟ್ಟುವ ಕಂಪ್ಯೂಟರಿಗೆ ಇದು ಮೂರನೆಯ ಪ್ರಶ್ನೆ. ಮೊದಲನೆಯದು ಪರದೆ, ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಅವೆರಡು ಗೊತ್ತಾದ ಮೇಲೆ ಪ್ರೊಸೆಸರ್ ಆಯ್ಕೆ ಸಲೀಸು.

ಇನ್ನೊಂದು ವಿಷಯ. ಯೂಟ್ಯೂಬಿನ ಹೋಲಿಕೆಗಳು ಹೆಚ್ಚಾಗಿ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ಯಾವುದರಲ್ಲಿ ಫ್ರೇಮ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳು) ಜಾಸ್ತಿ? ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಕೂತು ಕೊಳ್ಳುವವರು ಇನ್ನೊಂದನ್ನೂ ಕೇಳಬೇಕು. ಈ ಭಾಗ ಕೆಟ್ಟರೆ ನನ್ನ ಪಿಸಿ ಎಷ್ಟು ದಿನ ಸುಮ್ನೆ ಕೂರುತ್ತದೆ? ಬೆಂಗಳೂರಿನವರು ಕೆಟ್ಟ ಭಾಗ ಹಿಡಿದುಕೊಂಡು ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಸಂಜೆಗೆ ಮನೆಗೆ ಬರಬಹುದು. ನಮ್ಮದು ಪಾರ್ಸೆಲ್ ಆಗಿ ಹೋಗಬೇಕು, ಪಾರ್ಸೆಲ್ ಆಗಿಯೇ ಬರಬೇಕು. ಅದಕ್ಕೇ ಕೆಳಗಿನ ಆಯ್ಕೆಗಳಲ್ಲಿ ಕೆಲವು ಕಡೆ ನಾಲ್ಕು ಫ್ರೇಮ್ ಬಿಟ್ಟುಕೊಟ್ಟು ಈ ಎರಡನೆಯ ಪ್ರಶ್ನೆಯ ಕಡೆ ನಿಂತಿದ್ದೇನೆ.

ಪರದೆ

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ ಹತ್ತಿರಹತ್ತಿರ 83 ಲಕ್ಷ. ಒಂದೊಂದು ಫ್ರೇಮಿಗೂ ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕಿಗೆ ಬಣ್ಣದ ಲೆಕ್ಕ ಹಾಕಬೇಕು. ಪರದೆ ದೊಡ್ಡದು ಮಾಡಿದಷ್ಟೂ ಕಾರ್ಡಿನ ಖರ್ಚು ಏರುವುದು ಇದೇ ಕಾರಣಕ್ಕೆ.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಇಂಥವೇ ನಿಮ್ಮ ಮುಖ್ಯ ಆಟಗಳಾದರೆ 24 ಇಂಚಿನ 1080ಪಿ ಐಪಿಎಸ್ (ಪ್ಯಾನಲ್‌ನ ಒಂದು ಬಗೆ) ಪರದೆ, 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ಅಥವಾ ಮೇಲಿನದು ತಗೊಳ್ಳಿ. 60ರಿಂದ 144ಕ್ಕೆ ಹೋದಾಗ ಆಗುವ ಬದಲಾವಣೆ ಕಣ್ಣಿಗೆ ಮೊದಲ ದಿನವೇ ತಿಳಿಯುತ್ತದೆ. ಕಥೆ ಇರುವ ದೊಡ್ಡ ಆಟಗಳೇ ಇಷ್ಟ ಅನ್ನುವವರಿಗೆ 27 ಇಂಚಿನ 1440ಪಿ ಚೆಂದ. ಆದರೆ ಕಾರ್ಡ್ ಒಂದು ಮೆಟ್ಟಿಲು ಮೇಲಿನದು ಬೇಕಾಗುತ್ತದೆ. 4ಕೆ ಮೊದಲ ಪಿಸಿಗೆ ಬೇಡ. ವಿಎ ಅನ್ನುವ ಇನ್ನೊಂದು ಬಗೆಯ ಪ್ಯಾನಲ್‌ನಲ್ಲಿ ಕಪ್ಪು ಬಣ್ಣ ಚೆನ್ನಾಗಿರುತ್ತದೆ, ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲಿನ ದೃಶ್ಯ ಓಡುವಾಗ ಹಿಂದೆ ನೆರಳು ಎಳೆದಂತೆ ಕಾಣುತ್ತದೆ. ಐಪಿಎಸ್ಸೇ ಇರಲಿ.

ಪರದೆಗೆ ಹಣ ಸಾಲದಿದ್ದರೆ ಮನೆಯ ಟಿವಿಗೆ ಎಚ್‌ಡಿಎಂಐ ಹಾಕಿ, ಟಿವಿಯ ಗೇಮ್ ಮೋಡ್ ಆನ್ ಮಾಡಿ ಕೆಲ ತಿಂಗಳು ನಡೆಸಬಹುದು. ಅಗ್ಗದ ಪರದೆ ತಂದು ವರ್ಷದೊಳಗೆ ಬದಲಿಸುವುದಕ್ಕಿಂತ ಅದು ವಾಸಿ. ಪರದೆ ಒಮ್ಮೆ ಕೊಂಡರೆ ಎರಡು-ಮೂರು ಕಾರ್ಡ್ ಬದಲಾಗುವವರೆಗೂ ಇರುತ್ತದೆ.

ಗ್ರಾಫಿಕ್ಸ್ ಕಾರ್ಡ್

ಪರದೆ ಬಿಟ್ಟು ಉಳಿದ ಬಜೆಟ್ಟಿನಲ್ಲಿ 100 ರೂಪಾಯಿಗೆ 40 ರೂಪಾಯಿ ಇದಕ್ಕೇ ಹೋಗಲಿ. ಇಲ್ಲಿ ಕೈ ಹಿಡಿದು ಬೇರೆ ಕಡೆ ಸುರಿದರೆ ಆ ಹಣ ಆಟದಲ್ಲಿ ಕಾಣುವುದಿಲ್ಲ.

ಮೊದಲ ಪಿಸಿ ಕಟ್ಟುವವರ ಕೈಗೆಟುಕುವ ಮಟ್ಟದಲ್ಲಿ ಮೂರು ಹೆಸರುಗಳಿವೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5060, 8 ಜಿಬಿ, 2025ರ ಮೇನಲ್ಲಿ ಬಂದದ್ದು. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, 8 ಮತ್ತು 16 ಜಿಬಿ ಎರಡರಲ್ಲೂ ಸಿಗುತ್ತದೆ, ಅದರ ಮರುತಿಂಗಳು ಬಂದದ್ದು. ಇಂಟೆಲ್‌ನ ಆರ್ಕ್ ಬಿ580, 12 ಜಿಬಿ, 2024ರ ಡಿಸೆಂಬರಿನದು.

ಈ ಜಿಬಿ ಲೆಕ್ಕ ಯಾಕೆ ಮುಖ್ಯ ಅಂದರೆ, ಆಟದ ಗೋಡೆ, ನೆಲ, ಮುಖಗಳ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಕಾರ್ಡ್ ಕಂಪ್ಯೂಟರಿನ ರ್ಯಾಮ್‌ನಿಂದ ತಂದು ತಂದು ಹಾಕಿಕೊಳ್ಳುತ್ತದೆ. ಆ ದಾರಿ ನಿಧಾನ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗೇ ಕಾಣುತ್ತದೆ, ಆದರೆ ಆಟ ಜರ್ಕ್ ಹೊಡೆಯುತ್ತದೆ. 1080ಪಿಯಲ್ಲಿ ವ್ಯಾಲರಂಟ್ ಆಡುವವರಿಗೆ 8 ಜಿಬಿ ಬೇಕಾದಷ್ಟಾಯಿತು. ಹೊಸ ದೊಡ್ಡ ಆಟಗಳನ್ನು ಹೈ ಟೆಕ್ಸ್‌ಚರ್‌ನಲ್ಲಿ ಆಡಲು ಈಗಲೇ ಬಿಗಿಯಾಗುತ್ತಿದೆ. ನಾಲ್ಕು ವರ್ಷ ಇಟ್ಟುಕೊಳ್ಳುವ ಕಾರ್ಡಿಗೆ 8 ಜಿಬಿ ನನಗೆ ಕಡಿಮೆ ಅನಿಸುತ್ತದೆ.

ಹಾಗಾಗಿ ಕಥೆಯ ಆಟಗಳಿಗೆ, 1440ಪಿ ಪರದೆಗೆ, ನನ್ನ ಆಯ್ಕೆ 9060 ಎಕ್ಸ್‌ಟಿ 16 ಜಿಬಿ. ಡಬ್ಬಿಯ ಮೇಲೆ 16 ಅಂತ ಇದೆಯೇ ಓದಿ ನೋಡಿ. 8 ಜಿಬಿ ಕಾರ್ಡಿಗೂ ಅದೇ ಹೆಸರು, ಬಿಲ್ಲಿನಲ್ಲಿ ಬರೀ "9060 ಎಕ್ಸ್‌ಟಿ" ಅಂತ ಬರೆದರೆ ಯಾವುದು ಕೊಟ್ಟರು ಅಂತ ಆಮೇಲೆ ಹೇಳಲಾಗುವುದಿಲ್ಲ.

5060 ತಗೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ತುಂಬಾ ಆಟಗಳಲ್ಲಿದೆ. ಕಡಿಮೆ ಚುಕ್ಕಿಯಲ್ಲಿ ಚಿತ್ರ ಮಾಡಿ ಅದನ್ನು ಹಿಗ್ಗಿಸಿ ತೋರಿಸುವ ತಂತ್ರ ಅದು, ಈಗ ಕಣ್ಣಿಗೆ ಗೊತ್ತಾಗದಷ್ಟು ಚೆನ್ನಾಗಿದೆ. ಎಎಂಡಿಯ ಎಫ್‌ಎಸ್‌ಆರ್ 4 ಕೂಡ ಹತ್ತಿರಕ್ಕೆ ಬಂದಿದೆ, ಆದರೆ ಅದು ಇರುವ ಆಟಗಳು ಕಡಿಮೆ. ಇನ್ನು ಧಾರವಾಡ, ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಅದೇ ಪಿಸಿಯಲ್ಲಿ ಮಷಿನ್ ಲರ್ನಿಂಗ್ ಪ್ರಾಜೆಕ್ಟ್, ಬ್ಲೆಂಡರ್‌ನಲ್ಲಿ 3ಡಿ ರೆಂಡರಿಂಗ್ ಮಾಡುತ್ತಾರೆ. ಅಲ್ಲಿ ಎನ್‌ವಿಡಿಯಾದ ಕುಡಾ (ಕಾರ್ಡಿನಿಂದ ಆಟವಲ್ಲದ ಲೆಕ್ಕಗಳನ್ನೂ ಮಾಡಿಸುವ ಸಾಫ್ಟ್‌ವೇರ್) ಇದ್ದರೆ ಕೆಲಸ ಸಲೀಸು. ಮನೆಯಲ್ಲಿ ಅಪ್ಪಾಜಿಗೆ "ಓದಾಕೂ ಬೇಕು" ಅಂತ ಹೇಳಿ ತರಿಸುವ ಪಿಸಿಯಾದರೆ, ಓದಿಗೂ ನಿಜವಾಗಿ ಬರುವ ಕಾರ್ಡ್ ಇದೇ.

ಆರ್ಕ್ ಬಿ580 ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ. 12 ಜಿಬಿ ಇದೆ. ಆದರೆ ಅದಕ್ಕೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಮೆಮೊರಿ ಪೂರ್ತಿ ತೆರೆದುಕೊಡುವ ಆಯ್ಕೆ) ಆನ್ ಇರಲೇಬೇಕು, ಪ್ರೊಸೆಸರ್ ಸುಮಾರಾದದ್ದಿದ್ದರೆ ಫ್ರೇಮ್ ಬೀಳುತ್ತವೆ. ಕಾರ್ಡ್ ಬಂದ ಮೇಲೆ, 2025ರ ಆರಂಭದ ಪರೀಕ್ಷೆಗಳಲ್ಲೇ ಇದು ಗೊತ್ತಾಯಿತು. ಸೆಟ್ಟಿಂಗ್ ಕೆದಕುವ ಅಭ್ಯಾಸ ಇರುವವರಿಗೆ ಸರಿ, ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದಿಲ್ಲ.

ಬಜೆಟ್ ಇನ್ನೂ ಕಡಿಮೆಯಾದರೆ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3050 ಎದುರಾಗುತ್ತವೆ. ಎರಡಕ್ಕೂ ಒಂದೇ ಬೆಲೆ ಹೇಳಿದರೆ 6600 ತಗೊಳ್ಳಿ, ಆಟದಲ್ಲಿ ಅದೇ ಮುಂದು. 3050ರಲ್ಲಿ 8 ಜಿಬಿಯದು ಬೇರೆ, 2024ರಲ್ಲಿ ಬಂದ 6 ಜಿಬಿಯದು ಬೇರೆ. 6 ಜಿಬಿಯದರಲ್ಲಿ ಕೋರ್‌ಗಳೇ (ಲೆಕ್ಕ ಮಾಡುವ ಘಟಕಗಳು) ಕಡಿಮೆ. ಬೇರೆ ಪವರ್ ಕೇಬಲ್ ಬೇಕಿಲ್ಲದೆ ಓಡುತ್ತದೆ ಅನ್ನುವುದೊಂದೇ ಅದರ ಅನುಕೂಲ.

ಕೊನೆಗೆ, "4 ಜಿಬಿ ಕಾರ್ಡ್ ಐತ್ರಿ, ಎಲ್ಲಾ ಗೇಮ್ ಓಡ್ತಾವ" ಅಂತ ಜಿಟಿ 730 ತೋರಿಸಿದರೆ ಅಲ್ಲಿಗೇ ಬೇಡ ಅನ್ನಿ. ಅದು 2014ರ ಕಾರ್ಡ್. ಪರದೆಗೆ ಚಿತ್ರ ಕಳಿಸಲು ಸರಿ, ಆಟಕ್ಕಲ್ಲ.

ಚಿಪ್ ಒಂದೇ ಇದ್ದು ಕಂಪನಿ ಬೇರೆ ಇದ್ದರೆ ಮೂರು ಫ್ಯಾನ್, ಬಣ್ಣದ ಲೈಟು ನೋಡಬೇಡಿ. 5060 ಎಳೆಯುವುದು 145 ವ್ಯಾಟ್, ಅದಕ್ಕೆ ಎರಡು ಫ್ಯಾನ್ ಸಾಕು. ವಾರಂಟಿ ಎಷ್ಟು ವರ್ಷ, ಮಾಲು ಎಲ್ಲಿ ಕೊಡಬೇಕು, ಅಂಗಡಿಯವರೇ ಕಳಿಸಿ ತರಿಸುತ್ತಾರಾ, ಇಷ್ಟು ಕೇಳಿ.

ಪ್ರೊಸೆಸರ್, ಮದರ್‌ಬೋರ್ಡ್

ಇವೆರಡನ್ನೂ ಸೇರಿಸಿಯೇ ಆರಿಸಬೇಕು. ಆರ್ಕ್ ಬಿಟ್ಟರೆ ಮೇಲಿನ ಯಾವ ಕಾರ್ಡಿಗೂ 6 ಕೋರಿನ ಪ್ರೊಸೆಸರ್ ಸಾಕು. ಐ7ಗೆ ಹಾಕುವ ಹೆಚ್ಚಿನ ಹಣವನ್ನು ಕಾರ್ಡಿಗೆ ಹಾಕಿದರೆ ಆಟದಲ್ಲಿ ಎಷ್ಟೋ ಜಾಸ್ತಿ ಸಿಗುತ್ತದೆ.

ಅಗ್ಗದ ದಾರಿ ರೈಜನ್ 5 5600, ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಡಿಡಿಆರ್4 ರ್ಯಾಮ್. 2022ರ ಪ್ರೊಸೆಸರ್, ಇವತ್ತಿಗೂ ಗಟ್ಟಿ. ಆದರೆ ಆ ಸಾಕೆಟ್ಟಿನ ದಾರಿ ಮುಗಿದಿದೆ, ಮುಂದೆ ಪ್ರೊಸೆಸರ್ ಏರಿಸಬೇಕೆಂದರೆ ಬೋರ್ಡು, ರ್ಯಾಮ್ ಎಲ್ಲ ಬದಲು. ಇದನ್ನೇ ತಗೊಂಡರೆ ಬೋರ್ಡ್ ಎ520 ಬೇಡ, ಬಿ550 ಇರಲಿ. ಎ520ಯಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ಮಾತ್ರ. 5060, 6600 ಇಂಥ ಕಾರ್ಡುಗಳು 16ರ ಬದಲು 8 ಲೇನ್ (ಡೇಟಾ ಓಡುವ ದಾರಿ) ಮಾತ್ರ ಬಳಸುತ್ತವೆ. ಹಳೆಯ ಸ್ಲಾಟ್, ಅರ್ಧ ಲೇನ್, ಅದರ ಮೇಲೆ ಮೆಮೊರಿ ತುಂಬಿತು ಅಂದರೆ ಮೇಲೆ ಹೇಳಿದ ಜರ್ಕ್ ಇನ್ನೂ ಜಾಸ್ತಿ.

ಮುಂದಕ್ಕೆ ದಾರಿ ಇರುವುದು ರೈಜನ್ 5 7600, ಎಎಂ5 ಸಾಕೆಟ್, ಡಿಡಿಆರ್5 ರ್ಯಾಮ್. ಈ ಸಾಕೆಟ್ 2022ರಲ್ಲಿ ಬಂತು, 2027 ಮತ್ತು ಅದರಾಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಮೂರು ವರ್ಷದ ನಂತರ ಬೋರ್ಡ್ ಹಾಗೇ ಇಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಡಬ್ಬಿಯಲ್ಲೇ ಕೂಲರ್ ಬರುತ್ತದೆ.

ಇಂಟೆಲ್ ಕಡೆ ಐ5-12400, ಎಲ್‌ಜಿಎ1700 ಸಾಕೆಟ್. ಇದೂ 2022ರದ್ದು, ಇದರ ಸಾಕೆಟ್ ಕೂಡ ಹಿಂದೆ ಉಳಿದಿದೆ. 2024ರ ಅಕ್ಟೋಬರಿನಿಂದ ಇಂಟೆಲ್ ಎಲ್‌ಜಿಎ1851ಕ್ಕೆ ಹೋಯಿತು. ಇದರ ವಿಶೇಷ ಏನೆಂದರೆ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. 2025ರ ಕೊನೆಯಿಂದ ರ್ಯಾಮ್ ಬೆಲೆ ಎಗರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಎಳೆದುಕೊಳ್ಳುತ್ತಿವೆ, ನಮ್ಮಂಥವರಿಗೆ ಉಳಿಯುವುದು ಕಡಿಮೆ. ಮನೆಯ ಹಳೆ ಪಿಸಿಯಲ್ಲಿ 8 ಜಿಬಿಯ ಎರಡು ಡಿಡಿಆರ್4 ಕಡ್ಡಿ ಇದ್ದರೆ 12400 ಅಥವಾ 5600 ಸುತ್ತ ಕಟ್ಟಿ. ದೊಡ್ಡ ಮೊತ್ತವೇ ಉಳಿಯುತ್ತದೆ. ಹೊಸ ರ್ಯಾಮ್ ಹೇಗೂ ಕೊಳ್ಳಲೇಬೇಕು ಅನ್ನುವವರು, ಬಜೆಟ್ ಎಳೆದಾಡಿದರೂ ಸರಿ, 7600 ಕಡೆ ಹೋಗುವುದು ಒಳ್ಳೆಯದು.

ಈಗ ನಮ್ಮ ಊರಿಗೆ ತುಂಬಾ ಮುಖ್ಯವಾದ ಒಂದು ವಿಷಯ. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ, ಉದಾಹರಣೆಗೆ 12400ಎಫ್, ಆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ರೈಜನ್ 5 7500ಎಫ್ ಕೂಡ ಹಾಗೇ. 5600ರಲ್ಲೂ ಇಲ್ಲ. ಸ್ವಲ್ಪ ಅಗ್ಗ, ಆಟದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಎಲ್ಲರೂ ಎಫ್ ತಗೊಳ್ಳಿ ಅನ್ನುತ್ತಾರೆ. ಆದರೆ ಗ್ರಾಫಿಕ್ಸ್ ಕಾರ್ಡ್ ವಾರಂಟಿಗೆ ಹೋಯಿತು ಅಂದುಕೊಳ್ಳಿ. ಎಫ್ ಇರುವ ಪಿಸಿ ಅಷ್ಟು ದಿನವೂ ಕಪ್ಪು ಪರದೆ. ಎಫ್ ಇಲ್ಲದ 12400, ಅಥವಾ 7600 ಇದ್ದರೆ ಪರದೆಯ ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿ ಓದು, ಸಿನಿಮಾ, ಪ್ರಾಜೆಕ್ಟ್ ಎಲ್ಲ ನಡೆಸಬಹುದು. ಅದಕ್ಕಿಂತ ಮೊದಲು, ಪರದೆ ಬರುತ್ತಿಲ್ಲ ಅಂದಾಗ ತಪ್ಪು ಕಾರ್ಡಿನದೋ ಬೇರೆಯದೋ ಅಂತ ಮನೆಯಲ್ಲೇ ಕಂಡುಹಿಡಿಯಬಹುದು. ಪಾರ್ಸೆಲ್ ದೂರದ ಊರಿನಲ್ಲಿ ಈ ಅನುಕೂಲಕ್ಕೆ ಆ ವ್ಯತ್ಯಾಸದ ಹಣ ಕೊಡುವುದು ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾರ್ಡ್ ಈಗ ಬೇಡ, ಮುಂದಿನ ವರ್ಷ ನೋಡೋಣ ಅನ್ನುವವರಿಗೆ ಒಳಗಿನ ಗ್ರಾಫಿಕ್ಸೇ ಜೋರಾಗಿರುವ ರೈಜನ್ 5 8600ಜಿ ಇದೆ. ವ್ಯಾಲರಂಟ್‌ನಂಥವು 1080ಪಿಯಲ್ಲಿ ಚೆನ್ನಾಗಿ ಓಡುತ್ತವೆ. ಆದರೆ ರ್ಯಾಮ್ ಎರಡು ಕಡ್ಡಿ ಇರಲೇಬೇಕು, ಒಂದೇ ಕಡ್ಡಿ ಹಾಕಿದರೆ ಫ್ರೇಮ್ ಪಾತಾಳಕ್ಕೆ ಇಳಿಯುತ್ತವೆ. ಅದರ ತಮ್ಮ 8500ಜಿ ಮುಂದೆ ಹಾಕುವ ಕಾರ್ಡಿಗೆ 4 ಲೇನ್ ಮಾತ್ರ ಕೊಡುತ್ತದೆ, ಹಾಗಾಗಿ ಅದು ಬೇಡ.

ರ್ಯಾಮ್, ಎಸ್‌ಎಸ್‌ಡಿ

16 ಜಿಬಿ ಸಾಕು, 8ರ ಎರಡು ಕಡ್ಡಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಿ. ಮಾಡದಿದ್ದರೆ 6000ದ ರ್ಯಾಮ್ 4800ರಲ್ಲೇ ಓಡುತ್ತಿರುತ್ತದೆ.

ಎಸ್‌ಎಸ್‌ಡಿಯಲ್ಲಿ (ಆಟ, ಫೈಲು ಉಳಿಯುವ ಡ್ರೈವ್) ಎನ್‌ವಿಎಂಇ (ಬೋರ್ಡಿಗೇ ನೇರ ಸಿಕ್ಕಿಸುವ ವೇಗದ ಬಗೆ), 1 ಟಿಬಿ. ರೆಡ್ ಡೆಡ್ ರಿಡೆಂಪ್ಷನ್ 2 ಒಂದೇ ಆಟ 150 ಜಿಬಿ ಕೇಳುತ್ತದೆ, 500 ಜಿಬಿ ಎಲ್ಲಿ ಸಾಲುತ್ತದೆ? ಸೆಕೆಂಡಿಗೆ 3500 ಎಂಬಿ ಓದುವುದಕ್ಕೂ 7000 ಓದುವುದಕ್ಕೂ ಆಟ ಲೋಡ್ ಆಗುವುದರಲ್ಲಿ ಹೆಚ್ಚು ಅಂತರ ಕಾಣುವುದಿಲ್ಲ. ಅಗ್ಗದ್ದು ಸಾಕು.

ಎಸ್‌ಎಂಪಿಎಸ್ ಮತ್ತು ಮನೆಯ ಕರೆಂಟು

ಪಿಸಿಯ ಎಲ್ಲ ಭಾಗಕ್ಕೂ ಕರೆಂಟ್ ಹಂಚುವುದು ಎಸ್‌ಎಂಪಿಎಸ್. ಎಲ್ಲರೂ ಕೊನೆಗೆ ಉಳಿದ ಹಣದಲ್ಲಿ ತರುವ ಭಾಗ ಇದು. ಕ್ಯಾಬಿನೆಟ್ ಜೊತೆ "ಫ್ರೀ" ಬರುವುದನ್ನೇ ಹಾಕಿಸಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಸೆಸರ್ ಕೆಟ್ಟರೆ ಪ್ರೊಸೆಸರ್ ಮಾತ್ರ ಹೋಗುತ್ತದೆ. ಎಸ್‌ಎಂಪಿಎಸ್ ಕೆಟ್ಟದಾಗಿ ಸತ್ತರೆ ಜೊತೆಗೆ ಬೋರ್ಡು, ಕಾರ್ಡು ಎಲ್ಲವನ್ನೂ ಕರೆದುಕೊಂಡು ಹೋಗಬಹುದು.

ಲೆಕ್ಕ ನೋಡಿ. 7600 ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ. 5060 145, 9060 ಎಕ್ಸ್‌ಟಿ 16 ಜಿಬಿ 160. ಉಳಿದದ್ದೆಲ್ಲ ಸೇರಿಸಿದರೂ 300ರ ಆಸುಪಾಸು. ಒಳ್ಳೆಯ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು) ಧಾರಾಳ. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 650. ಅಗ್ಗದ 850ಕ್ಕಿಂತ ಗಟ್ಟಿಯಾದ 550 ಎಷ್ಟೋ ಮೇಲು. ವಾರಂಟಿ 5 ವರ್ಷಕ್ಕಿಂತ ಕಡಿಮೆ ಇದ್ದರೆ ಬೇರೆಯದು ನೋಡಿ. ತಯಾರಿಸಿದವರಿಗೇ ಅದರ ಮೇಲೆ ನಂಬಿಕೆ ಎಷ್ಟು ಅಂತ ಆ ಅಂಕಿಯೇ ಹೇಳುತ್ತದೆ.

ಸಂಜೆ ವೋಲ್ಟೇಜ್ ಇಳಿಯುವ ಓಣಿಯಲ್ಲಿ ಇದ್ದೀರಾ? ಎಸ್‌ಎಂಪಿಎಸ್ ಮೇಲೆ ಇನ್‌ಪುಟ್ 100-240 ವೋಲ್ಟ್ ಅಂತ ಬರೆದಿದ್ದರೆ ಸ್ಟೆಬಿಲೈಜರ್ ಬೇಕಿಲ್ಲ. 200-240 ಅಂತ ಇದ್ದರೆ ಆ ಮಾದರಿ ನಿಮ್ಮ ಮನೆಗೆ ಬೇಡ.

ಯುಪಿಎಸ್ ವಿಷಯ ಬೇರೆ. ಆಟದ ನಡುವೆ, ಅಥವಾ ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋಗಬಾರದು. 600 ವಿಎ (ಯುಪಿಎಸ್‌ನ ಸಾಮರ್ಥ್ಯದ ಅಳತೆ) ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಪರದೆಯೂ ಸೇರಿದರೆ ಆಟದ ಹೊತ್ತಿಗೆ ಅಂಚಿಗೆ ಬರುತ್ತದೆ. 1000 ವಿಎ ಇದ್ದರೆ ನಿಶ್ಚಿಂತೆ. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಅಲೆ ಕೊಡುವುದು) ಹೌದೋ ಅಲ್ಲವೋ ನೋಡಿ. ಸೈನ್ ವೇವ್ ಆಗಿದ್ದರೆ, ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದಕ್ಕೆ ಹಾಕಿ. ಕರೆಂಟ್ ಹೋದಾಗ ಪಿಸಿ ರೀಸ್ಟಾರ್ಟ್ ಆಗದಷ್ಟು ಬೇಗ ಬದಲಾಗುತ್ತದೆ, ಬೇರೆ ಯುಪಿಎಸ್ ಖರ್ಚು ಉಳಿಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಗೇಮಿಂಗ್ ಪಿಸಿ ಓಡಿಸಬೇಡಿ.

ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದುಂಟು. ಪಿಸಿ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸಣ್ಣ ಕರೆಂಟನ್ನು ಅರ್ಥಿಂಗ್ ಕಡೆ ಬಿಡುತ್ತದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಅದು ಕ್ಯಾಬಿನೆಟ್ಟಿನ ಮೈಯಲ್ಲೇ ಉಳಿಯುತ್ತದೆ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪ್ಲಗ್ಗಿಗಾದರೂ ಸರಿಯಾದ ಅರ್ಥಿಂಗ್ ಹಾಕಿಸಿ. ಏಪ್ರಿಲ್-ಮೇ ಅಡ್ಡಮಳೆಯ ಗುಡುಗು ಶುರುವಾದರೆ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಕ್ಯಾಬಿನೆಟ್

ಮುಂಭಾಗ ಪೂರ್ತಿ ಗಾಜು ಇರುವುದು ನೋಡಲು ಚೆಂದ, ಗಾಳಿಗೆ ಕೆಟ್ಟದ್ದು. ಬೇಸಿಗೆಯಲ್ಲಿ ಇಲ್ಲಿ 37-38 ಡಿಗ್ರಿ ಮಾಮೂಲು. ಮುಂದೆ ಜಾಲರಿ ಇರುವುದನ್ನು ತಗೊಳ್ಳಿ. ಎರೆ ಮಣ್ಣಿನ ಸೀಮೆಯ ಧೂಳು ಸಣ್ಣ ಸಂದಿಯನ್ನೂ ಬಿಡುವುದಿಲ್ಲ. ನವಲಗುಂದ, ಗದಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ಗಾಳಿ ತಳ್ಳುವ ಫ್ಯಾನ್ ಎರಡು, ಹೊರಗೆ ತಳ್ಳುವುದು ಒಂದು ಇರಲಿ. ಆಗ ಗಾಳಿ ಫಿಲ್ಟರ್ ಮೂಲಕವೇ ಒಳಬರುತ್ತದೆ, ಸಂದಿಗಳಿಂದ ಧೂಳು ಎಳೆಯುವುದಿಲ್ಲ. ಫಿಲ್ಟರ್ ಕಳಚಿ ತೊಳೆಯುವಂತಿರಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಸುಮ್ಮನೆ ಗಿರಗಿರ ತಿರುಗಲು ಬಿಡಬೇಡಿ.

ಹಳೆಯದು ಕೊಳ್ಳಬಹುದಾ?

"ಐ7, 16 ಜಿಬಿ, ಗೇಮಿಂಗ್ ಪಿಸಿ" ಅಂತ ಅಗ್ಗಕ್ಕೆ ಬರುವ ಸೆಟ್ಟುಗಳಲ್ಲಿ ಎಷ್ಟನೇ ಜನರೇಶನ್ ಅಂತ ಕೇಳಿ. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಜನರೇಶನ್ ಮತ್ತು ಮೇಲಿನದಕ್ಕೆ ಮಾತ್ರ ಅಧಿಕೃತ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳನ್ನೂ ಕೇಳುತ್ತದೆ. 4ನೇ ಜನರೇಶನ್ ಐ7 ಹೆಸರಿಗಷ್ಟೇ ಐ7. ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಮಾತ್ರ, ಬಿಲ್ ಮತ್ತು ವಾರಂಟಿ ಉಳಿದಿದ್ದರೆ, ನಿಮ್ಮೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ, ಕೊಳ್ಳಬಹುದು.

ಎಲ್ಲಿ ಕೊಳ್ಳುವುದು

ಆನ್‌ಲೈನ್, ಎಸ್‌ಪಿ ರೋಡ್, ಹುಬ್ಬಳ್ಳಿಯ ಅಂಗಡಿ. ಮೂರನ್ನೂ ಬೆರೆಸಿಕೊಳ್ಳುವುದೇ ಜಾಣತನ. ಎಸ್‌ಎಸ್‌ಡಿ, ರ್ಯಾಮ್, ಪ್ರೊಸೆಸರ್ ಕೆಡುವುದು ಅಪರೂಪ, ಹಗುರ, ಪಾರ್ಸೆಲ್ ಸುಲಭ. ಇವನ್ನು ಅಗ್ಗ ಇರುವಲ್ಲಿ ತರಿಸಿ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಮದರ್‌ಬೋರ್ಡ್, ಪರದೆ ಇವು ಊರಿನಲ್ಲೇ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಇಲ್ಲೇ ಕೊಳ್ಳಿ. ಅಂಗಡಿಗೆ ಹೋಗಿ "ಅಣ್ಣಾರ, ಪರದೆ ಬರವಲ್ದು ನೋಡ್ರಿ" ಅನ್ನಲು ಒಬ್ಬರು ಎದುರಿಗೆ ಇರುತ್ತಾರೆ. ಪರದೆಯನ್ನಂತೂ ಹಾಕಿಸಿ, ಸತ್ತ ಚುಕ್ಕಿ ಇದೆಯೇ ನೋಡಿಯೇ ಮನೆಗೆ ತನ್ನಿ.

ಬಿಡಿಭಾಗಗಳಿಗೆ ಜಿಎಸ್‌ಟಿ 18%. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ "ಅಸೆಂಬಲ್ಡ್ ಪಿಸಿ, 1" ಅಂತ ಒಂದೇ ಸಾಲು ಇರಬಾರದು. ಪ್ರತಿ ಭಾಗಕ್ಕೂ ಬೇರೆ ಸಾಲು, ಪೂರ್ತಿ ಮಾದರಿಯ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಎರಡು ವರ್ಷದ ನಂತರ ವಾರಂಟಿ ಕೇಳುವಾಗ ಇದೇ ಆಧಾರ.

ಜೋಡಿಸುವಾಗ ಎಚ್ಚರ ಬೇಕಾದದ್ದು ಪಿನ್ನುಗಳ ವಿಷಯದಲ್ಲಿ. ಎಎಂ4ರಲ್ಲಿ ಪಿನ್ ಪ್ರೊಸೆಸರಿನ ಕೆಳಗಿರುತ್ತವೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡಿನಲ್ಲಿರುತ್ತವೆ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಪಿನ್ ನೇರ ಇವೆಯೇ ಅಂತ ಒಂದು ಫೋಟೋ ತೆಗೆದುಕೊಳ್ಳಿ. ಪರದೆಯ ಕೇಬಲ್ ಕಾರ್ಡಿಗೆ ಹಾಕಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಅಂತ ಆರಿಸಿ. ತಾನಾಗಿ ಅದು 60ರಲ್ಲೇ ಇರಬಹುದು. ಮೊದಲ ವಾರದಲ್ಲೇ ಎರಡು-ಮೂರು ಗಂಟೆ ಸತತವಾಗಿ ಭಾರದ ಆಟ ಆಡಿ, ಕಾರ್ಡಿನ ಉಷ್ಣತೆ 80 ಡಿಗ್ರಿಯೊಳಗೆ ಇದೆಯೇ ನೋಡಿ. ಆ ವಾರದಲ್ಲಿ ತೊಂದರೆ ಕಂಡರೆ ಅಂಗಡಿಯವರು ಬದಲಿಸಿ ಕೊಡುವ ಸಾಧ್ಯತೆ ಜಾಸ್ತಿ, ತಿಂಗಳು ಕಳೆದರೆ ಸರ್ವೀಸ್ ಸೆಂಟರ್ ದಾರಿಯೇ ಗತಿ. ಕಾರ್ಡ್ ಮತ್ತು ಬೋರ್ಡಿನ ಡಬ್ಬಿ, ಒಳಗಿನ ಸ್ಪಂಜು, ಕವರ್ ಸಮೇತ ಅಟ್ಟದ ಮೇಲೆ ಇಟ್ಟಿರಿ. ಕಳಿಸುವ ದಿನ ಬಂದರೆ ಅದರಷ್ಟು ಸರಿಯಾಗಿ ಕೂರುವ ಪ್ಯಾಕಿಂಗ್ ಬೇರೆ ಸಿಗುವುದಿಲ್ಲ.